ಆಂಟೆನಾ ಮೇಲಿನ ಜರಿ

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅಪ್ಪ ಅವ್ವ ಇಬ್ಬರೂ ರೇಷ್ಮೆ ಸೀರೆ ನೇಯುತ್ತಿದ್ದರು. ಒಂದು ಸೀರೆ ಮಗ್ಗದಿಂದ ಇಳಿದರೆ ಸಾಕು, ಅಪ್ಪ ಮಾಳಿಗೆ ಹತ್ತಿ, ಉಳಿದ ಜರಿಯ ಒಂದು ಎಳೆಯನ್ನು ಟಿವಿ ಆಂಟೆನಾಕ್ಕೆ ಸುತ್ತಿ ಬರುತ್ತಿದ್ದ. ಜರಿ ಸುತ್ತಿದರೆ ಚಿತ್ರ ಚೆನ್ನಾಗಿ ಬರುತ್ತದೆಂದು ನಮ್ಮ ಬೀದಿಯ ನೇಕಾರರೆಲ್ಲ ನಂಬಿದ್ದರು. ನಾಲ್ಕಕ್ಷರ ಓದಿದ್ದ ನನಗೆ ಅದು ಶುದ್ಧ ಪೆದ್ದುತನವೆನಿಸುತ್ತಿತ್ತು.

ಅವ್ವ ತೀರಿಕೊಂಡ ಮರುವರ್ಷ ಟಿವಿ ಟವರ್ ಡಿಜಿಟಲ್ ಆಯಿತು. ಚಳ್ಳಕೆರೆಯಿಂದ ಹೊಸ ಸೆಟ್‌ಟಾಪ್ ಬಾಕ್ಸ್ ತಂದು ಅದೇ ಹಳೇ ಆಂಟೆನಾಕ್ಕೆ ಜೋಡಿಸಿದೆ. ಹಿಂದೆ ಸಿಗ್ನಲ್ ಸೋತು ಪರದೆ ತುಂಬ ಚುಕ್ಕೆ ಮುಸುಕಿದರೂ ಮಾತು ಕೇಳುತ್ತಿತ್ತು. ಮಗ್ಗದ ಗುಂಡಿಯಲ್ಲಿ ಕೂತು, ತಲೆ ಎತ್ತದೆ ನೇಯುವ ಅವ್ವನಿಗೆ ಅಷ್ಟೇ ಸಾಕಿತ್ತು. ಈಗ ಚಿತ್ರ ಚೂರುಚೂರಾಗಿ ನಿಂತರೆ ಅದರ ಜೊತೆ ಮಾತೂ ನಿಂತುಬಿಡುತ್ತಿತ್ತು.

ಎರಡು ದಿನ ಹೆಣಗಾಡಿ ನನಗೆ ತಲೆ ಕೆಟ್ಟಿತು. ತಪ್ಪೆಲ್ಲ ಆ ಜರಿಯದೇ ಎಂದು ಮಾಳಿಗೆ ಹತ್ತಿ, ಬ್ಲೇಡಿನಿಂದ ಅಷ್ಟನ್ನೂ ಕೊಯ್ದು ಅಂಗಳಕ್ಕೆ ಎಸೆದೆ. ಆಂಟೆನಾವನ್ನು ತುಸು ತಿರುಗಿಸಿದೆ.

“ಅಪ್ಪಾ, ಬಂತಾ?” ಎಂದು ಕೂಗಿದೆ.

ಇಳಿದು ನೋಡಿದರೆ ಟಿವಿಯಲ್ಲಿ ಚಿತ್ರ ನಿಚ್ಚಳವಾಗಿತ್ತು. ಅದರ ಮುಂದೆ ಯಾರೂ ಇರಲಿಲ್ಲ. ಅಪ್ಪ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಬಿಸಿಲಿಗೆ ಕಪ್ಪಿಟ್ಟ ತುಂಡು ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ.

“ಚೆನ್ನಾಗಿ ಬರ್ತೈತೆ, ಹೋಗಿ ನೋಡಲೇ,” ಎಂದ, ತಲೆ ಎತ್ತದೆ. “ಇದ್ರಾಗೆ ನಿಮ್ಮವ್ವ ನೇಯ್ದ ಕೊನೇ ಸೀರೇದು ಯಾವ್ದು ಅಂತ ಗೊತ್ತಾಗ್ತಿಲ್ಲ.”