ಒಂದೇ ಹಾಳೆಯ ಸಾಕ್ಷ್ಯ ಕಾಯ್ದೆ

ಹೊಸ ಪೆನ್ನು ಕೈಗೆ ಬಂದರೆ ಮನುಷ್ಯ ಮೊದಲು ಬರೆಯುವುದು ತನ್ನ ಹೆಸರನ್ನೇ. ಅನುಮಾನವಿದ್ದರೆ ಯಾವುದಾದರೂ ಪೆನ್ನಿನಂಗಡಿಗೆ ಹೋಗಿ, ಬರೆದು ನೋಡಲು ಇಟ್ಟಿರುವ ಕಾಗದದ ಕಟ್ಟನ್ನೊಮ್ಮೆ ನೋಡಿ. ಊರಿನ ಅರ್ಧ ಜನರ ಸಹಿ ಅಲ್ಲಿರುತ್ತದೆ. ಜಾಮೀನಿಗೆ ಒಂದು ಸಹಿ ಹಾಕಿ ಎಂದರೆ ಊರು ಬಿಡುವವರೂ ಅಲ್ಲಿ ಧಾರಾಳವಾಗಿ ಹಾಕಿರುತ್ತಾರೆ. ನಾನು ಮಾತ್ರ, ಪೆನ್ನು ಹೊಸದಿರಲಿ ಹಳೆಯದಿರಲಿ, ಹಾಳೆಯ ನೆತ್ತಿಯ ಮೇಲೆ, ನಟ್ಟನಡುವೆ, ೭೮೬ ಎಂದು ಬರೆಯುತ್ತೇನೆ. ದೇವರ ಹೆಸರೆತ್ತುವ ಬದಲಿಗೆ ನಮ್ಮ ಮುಸಲ್ಮಾನರು ಬರೆಯುವ ಅಂಕಿ ಅದು. ನಾನು ಬರೆಯುವುದು ಕನ್ನಡ ಅಂಕಿಯಲ್ಲಿ. ಅರಬ್ಬಿ ಬಾರದ ಕನ್ನಡ ಟೀಚರಿಗೆ ದೇವರು ಅಷ್ಟು ರಿಯಾಯಿತಿ ಕೊಟ್ಟಾನು ಎಂಬ ಧೈರ್ಯ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ನನ್ನ ಅಕ್ಷರದ ಮೇಲೆ ಬಹಳ ಸೊಕ್ಕು. ಕುರುಗೋಡಿನ ಹೈಸ್ಕೂಲಿನಲ್ಲಿ ನಾನು ಬೋರ್ಡಿನ ಮೇಲೆ ಬರೆದದ್ದನ್ನು ಒರೆಸಲು ಮುಂದಿನ ಪಿರಿಯಡ್ಡಿನ ಲೆಕ್ಕದ ಮೇಷ್ಟ್ರು ಹಿಂದೆಮುಂದೆ ನೋಡುತ್ತಿದ್ದರು. ಕುರುಗೋಡಿನಲ್ಲಿ ಹಳೆಯ ಶಾಸನಗಳಿವೆ, ಅತ್ತ ಸಿರುಗುಪ್ಪ ತಾಲೂಕಿನ ಬಂಡೆಗಳ ಮೇಲೆ ಮೌರ್ಯರ ಕಾಲದ ದೊರೆಯೊಬ್ಬ ಬರೆಸಿದ ಮಾತುಗಳಿವೆ. ಇಂಥ ಸೀಮೆಯಲ್ಲಿ ಹುಟ್ಟಿದವಳು ಅಕ್ಷರ ಕೆಡಿಸಿಕೊಳ್ಳಬಾರದು ಎಂಬುದು ನನ್ನ ವಾದ. ಆ ಬಂಡೆಗಳಿಗೆ ಚಾರ್ಜು ಹಾಕಬೇಕಿಲ್ಲ, ಗುಂಡಿ ಒತ್ತಬೇಕಿಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ.

ಇದು ಬಳ್ಳಾರಿಯಲ್ಲಿ ಮಣ್ಣಿಗೆ ಬೆಲೆ ಬಂದಿದ್ದ ಕಾಲದ ಮಾತು. ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಬೇವಿನ ಮರಗಳೂ ಬಸ್ಸುಗಳೂ ಒಣಹಾಕಿದ ಸೀರೆಗಳೂ ಒಂದೇ ಕೆಂಪು ಬಣ್ಣಕ್ಕೆ ತಿರುಗಿದ್ದವು. ನಾನು ಹಗಲು ಕುರುಗೋಡಿನಲ್ಲಿ ಪಾಠ ಹೇಳಿ, ಸಂಜೆ ಬಳ್ಳಾರಿಗೆ ಬಂದು ಪಾಠ ಕೇಳುತ್ತಿದ್ದೆ. ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜಿನಲ್ಲಿ ಕಾನೂನು ಓದುವ ಹುಚ್ಚು ಹಿಡಿದಿತ್ತು. ತರಗತಿಯಲ್ಲಿ ಹೆಸರು ಹಚ್ಚಿದವರು ಬಹಳ, ಬರುವವರು ಕಡಿಮೆ. ಗಂಡಸರೆಲ್ಲ ಅದಿರಿನ ಬೆನ್ನು ಹತ್ತಿದ್ದರು. ಬರುತ್ತಿದ್ದವರಲ್ಲೂ ಮೇಷ್ಟ್ರು ಇಂಗ್ಲಿಷು, ತೆಲುಗು, ಕನ್ನಡ ಕಲಸಿ ಹೇಳಿದ್ದನ್ನು ಬಿಡದೆ ಬರೆದುಕೊಳ್ಳುತ್ತಿದ್ದವಳು ನಾನೊಬ್ಬಳೇ.

ನನ್ನ ಪಕ್ಕ ಕೂರುತ್ತಿದ್ದವಳು ನಿಂಗಮ್ಮ. ಸಿರುಗುಪ್ಪ ತಾಲೂಕಿನ ಕರೂರಿನ ಹುಡುಗಿ, ಸಿರುಗುಪ್ಪದ ವಕೀಲರೊಬ್ಬರ ಹತ್ತಿರ ಟೈಪಿಂಗ್ ಕೆಲಸ. ಮನೆಯವರೆಲ್ಲ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವವರು. ಊರು ಮುಟ್ಟುವ ಬಸ್ಸು ಹಿಡಿಯಲು ಅವಳು ಕೊನೆಯ ಪಿರಿಯಡ್ ಬಿಟ್ಟು ಓಡಬೇಕು. ಆ ಕೊನೆಯ ಪಿರಿಯಡ್ಡೇ ಸಾಕ್ಷ್ಯ ಕಾಯ್ದೆ. ಹಿಂದಿನ ವರ್ಷ ಅದರಲ್ಲೇ ಡುಮ್ಕಿ ಹೊಡೆದಿದ್ದಳು. "ಈ ಸಲ ಆಗ್ಲಿಲ್ಲಂದ್ರ ಓದಿದ್ದು ಸಾಕು ಅಂದಾನ್ರಿ ನಮ್ಮಣ್ಣ" ಎಂದು ಒಮ್ಮೆ ಹೇಳಿದ್ದಳು. ಹಾಗಾಗಿ ನನ್ನ ನೋಟ್ಸು ಅವಳ ಜೊತೆ ಕರೂರಿಗೆ ಹೋಗುತ್ತಿತ್ತು, ಬರುವುದು ತಡವಾಗುತ್ತಿತ್ತು, ಅಷ್ಟರಲ್ಲಿ ನನಗೇ ಅದು ಬೇಕಾಗುತ್ತಿತ್ತು. ಕ್ಲಾಸು ಬಿಡುವ ಹೊತ್ತಿಗೆ ಜೆರಾಕ್ಸ್ ಅಂಗಡಿ ಮುಚ್ಚಿರುತ್ತಿತ್ತು. ತೆರೆದಿದ್ದರೆ ಕರೆಂಟು ಹೋಗಿರುತ್ತಿತ್ತು.

ಈ ತಾಪತ್ರಯವನ್ನು ನನ್ನ ಗಂಡ ಕಾಸೀಮಸಾಬರ ಮುಂದೆ ಹೇಳಿದ್ದೇ ತಪ್ಪಾಯಿತು. ಅವರದು ಕೋಟೆಗುಡ್ಡದ ಕೆಳಗೆ ಒಂದು ಟೇಲರ್ ಅಂಗಡಿ. ಗಣಿಯ ಕಾಲದಲ್ಲಿ ಅವರಿಗೆ ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯ ಪ್ಯಾಂಟಿನ ಸೊಂಟ ಬಿಡಿಸುವ ಕೆಲಸವೇ ಜಾಸ್ತಿ. ಊರಿನ ಏಳಿಗೆಯನ್ನು ಅವರು ಟೇಪಿನಲ್ಲಿ ಅಳೆಯುತ್ತಿದ್ದರು. ಹೆಂಡತಿ ಲಾ ಓದುತ್ತಾಳೆ ಎಂಬುದನ್ನು ಗುಂಡಿ ಹಚ್ಚಿಸಲು ಬಂದವರಿಗೂ ಹೇಳದೆ ಬಿಡುತ್ತಿರಲಿಲ್ಲ. "ವಕೀಲಮ್ಮ, ಬರದ್ದು ಬರದಾಂಗ ಒಳಗ ಇಟ್ಕೊಳ್ಳೋ ಕಂಪ್ಯೂಟರ್ ಬಂದಾವಂತ. ನಡಿ, ತರೂನು" ಎಂದು ಹೊರಡಿಸಿಯೇಬಿಟ್ಟರು.

ಅಂಗಡಿಯವನು ಮೊದಲು ತೋರಿಸಿದ್ದು ಪರದೆ ತಿರುಗುವ ಕಂಪ್ಯೂಟರು. "ಮೇಡಂ, ಹಿಂಗ ತಿರಗಸ್ರಿ, ಹಿಂಗ ಮಲಗಸ್ರಿ, ಮ್ಯಾಲೆ ಬರೀರಿ. ಮೊನ್ನಿ ಗಣಿಯವ್ರು ಒಬ್ಬರಽ ಮೂರು ಒಯ್ದ್ರು."

"ಮೂರು ಯಾಕಪಾ? ಅವ್ರಿಗೆ ಎಷ್ಟು ಕೈ ಅದಾವು?" ಎಂದರು ನಮ್ಮವರು. ಆಮೇಲೆ ಇಡೀ ಅಂಗಡಿಗೆ ಕೇಳುವಂತೆ, "ಕಮ್ಮಿ ರೇಟಿಂದು ತೋರಸಪಾ" ಎಂದರು. ಆ ದಿನಗಳ ಬಳ್ಳಾರಿಯಲ್ಲಿ ಆ ಮಾತನ್ನು ತಲೆ ಎತ್ತಿ ಹೇಳಲು ಎದೆಗಾರಿಕೆ ಬೇಕಿತ್ತು. ಎಲ್ಲರೂ ಇದಕ್ಕಿಂತ ದೊಡ್ಡದು ಇಲ್ಲವೇ ಎಂದು ಕೇಳುತ್ತಿದ್ದ ಕಾಲ ಅದು. ನಾಲ್ಕು ಜನ ತಿರುಗಿ ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನನ್ನ ಗಂಡ ಬಹಳ ಚೆಲುವನಾಗಿ ಕಂಡ.

ಎರಡನೆಯದು ಕರಿಯ ಹಲಗೆ. ಅದರ ಮೇಲೆ ಬರೆದರೆ ಅಕ್ಷರ ಕಾಣುವುದು ಎದುರಿನ ಕಂಪ್ಯೂಟರಿನಲ್ಲಿ. ಕೈ ಇಲ್ಲಿ, ಕಣ್ಣು ಅಲ್ಲಿ. ಹೊಸ ಸೊಸೆಯಾಗಿ ಬಂದಾಗ ನಾನು ಹೀಗೆಯೇ ರೊಟ್ಟಿ ಬಡಿದು ಕರಕಲು ಮಾಡಿದ್ದುಂಟು, ಬೇಡವೆಂದೆ. ಮೂರನೆಯದು ಕಡ್ಡಿಯಿಂದ ಬರೆಯುವ ಫೋನು. ನಾನೊಂದು 'ಲಕ್ಷ್ಮೀ' ಬರೆಯುವಷ್ಟರಲ್ಲಿ ಪರದೆ ಮುಗಿಯಿತು. ಕಡೆಗೆ ಅಂಗಡಿಯವನು ಸ್ಟೂಲು ಹತ್ತಿ, ಮೇಲಿನ ಗೂಡಿನಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. ಯಾರೂ ಕೊಳ್ಳದೆ ಹಳತಾಗಿದ್ದರಿಂದ ಅಗ್ಗವಾಗಿದ್ದ ಮಾಲು. ರಟ್ಟಿನಂಥ ಪ್ಯಾಡು, ಅದಕ್ಕೊಂದು ಪೆನ್ನು. ಪ್ಯಾಡಿನ ಮೇಲೆ ಮಾಮೂಲಿ ಹಾಳೆ ಸಿಕ್ಕಿಸಿ ಬರೆದರೆ ಮಸಿ ಹಾಳೆಯ ಮೇಲೆ ಮೂಡುತ್ತದೆ, ಅದರ ನಕಲು ಪ್ಯಾಡಿನ ಹೊಟ್ಟೆಗೆ ಇಳಿಯುತ್ತದೆ. ಇಂಗ್ಲಿಷ್ ಬರೆದರೆ ಅದನ್ನು ಟೈಪಿನ ಅಕ್ಷರವಾಗಿಯೂ ಮಾಡಿಕೊಡುತ್ತದಂತೆ. "ಕನ್ನಡ ಅದಕ್ಕ ತಿಳ್ಯಂಗಿಲ್ಲ ಮೇಡಂ" ಎಂದ, ತಾನೇ ತಪ್ಪು ಮಾಡಿದವನಂತೆ. ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಅಕ್ಷರವನ್ನು ತಿದ್ದಲು ಅದು ಯಾರು?

ನಾನು ೭೮೬ ಬರೆದು ನೋಡಿದೆ. ಹಾಳೆಯ ಮೇಲೂ ಬಂತು, ಅಂಗಡಿಯ ಕಂಪ್ಯೂಟರಿನಲ್ಲೂ ಬಂತು. ವ್ಯಾಪಾರ ಮುಗಿಯಿತು. ಹಾಳೆ ಬದಲಿಸಿದಾಗಲೆಲ್ಲ ಪ್ಯಾಡಿನ ಮೂಲೆಯಲ್ಲಿರುವ ಸಣ್ಣ ಗುಂಡಿ ಒತ್ತಬೇಕು, ಆಗಲೇ ಅದಕ್ಕೆ ಹೊಸ ಪುಟ ಬಂತೆಂದು ಗೊತ್ತಾಗುವುದು ಎಂದು ಅವನು ಹೇಳಿದ. ನಾನು ಟೀಚರು, ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಮಕ್ಕಳನ್ನು ನೋಡಿ ನೋಡಿ ನನಗೂ ಆ ಕಲೆ ಬಂದಿತ್ತು.

ಕೆಲವು ವಾರ ಎಲ್ಲ ಸೊಗಸಾಗಿ ನಡೆಯಿತು. ಬರೆದ ಹಾಳೆ ಮರುದಿನವೇ ನಿಂಗಮ್ಮನ ಚೀಲಕ್ಕೆ, ಪ್ರತಿ ನನ್ನ ಪ್ಯಾಡಿನಲ್ಲಿ. ಮೂಲ ದಾಖಲೆ ಇರುವಾಗ ನಕಲು ನಡೆಯುವುದಿಲ್ಲ, ಮೂಲವೇ ಮೊದಲ ದರ್ಜೆಯ ಸಾಕ್ಷ್ಯ ಎಂಬುದು ಆ ಕಾಯ್ದೆಯ ದೊಡ್ಡ ಪಾಠ. ಅದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು, ಮೂಲವನ್ನು ಕರೂರಿಗೆ ಕಳಿಸಿ, ನಕಲನ್ನು ನಂಬಿ ಕೂತವಳು ನಾನು.

ಪರೀಕ್ಷೆ ಹತ್ತಿರ ಬಂತು. ಉಳಿದ ಪಾಠ ಮುಗಿಸಲು ಮೇಷ್ಟ್ರು ಅದಿರಿನ ಲಾರಿಯ ವೇಗ ಹಿಡಿದರು. ನಾನು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದೆ, ಬರೆದೆ, ಮತ್ತೆ ತಿರುವಿದೆ. ತರಗತಿಗಳು ಮುಗಿದ ಮೇಲೆ ಪ್ಯಾಡನ್ನು ನೆಟ್ ಸೆಂಟರಿಗೆ ಒಯ್ದು ಪ್ರಿಂಟು ಕೇಳಿದರೆ ಹೊರಬಂದದ್ದು ಒಂದೇ ಹಾಳೆ. ಅದೂ ಕಪ್ಪಗೆ, ಹಂಚಿನ ತಳದಂತೆ. ಗುಂಡಿಯನ್ನು ನಾನು ಒಂದು ದಿನವೂ ಒತ್ತೇ ಇರಲಿಲ್ಲ, ಬರೆದದ್ದೆಲ್ಲ ಒಂದೇ ಪುಟದ ಮೇಲೆ ಬಿದ್ದಿತ್ತು. ಸಾಯುವವನ ಹೇಳಿಕೆಯ ಮೇಲೆ ಪೊಲೀಸರ ಮುಂದಿನ ತಪ್ಪೊಪ್ಪಿಗೆ, ಅದರ ಮೇಲೆ ರುಜುವಾತಿನ ಹೊಣೆ, ಅದರ ಮೇಲೆ ಪಾಟೀಸವಾಲು.

"ಪ್ರಿಂಟರ್ ಕೆಟ್ಟೈತೇನ್ರಿ?" ಎಂದೆ.

"ಇಲ್ರಿ ಮೇಡಂ. ನೀವು ಬರದಿದ್ದಽ ಹಿಂಗೈತಿ" ಎಂದರು ನೆಟ್ ಸೆಂಟರಿನವರು.

ಮನೆಗೆ ಬಂದು ಗೋಡೆಗೆ ಒರಗಿ ಕೂತೆ. ನಿಂಗಮ್ಮನಿಗೆ ಫೋನು ಮಾಡಿ ಆದದ್ದು ಹೇಳಿದೆ. "ನಾಳಿ ಹಾಳಿ ಎಲ್ಲಾ ತಂದು ಕೊಡ್ತೀನಕ್ಕಾ, ನೀವು ಓದ್ರಿ. ಬರದವ್ರು ನೀವು. ನಂದು ಹೆಂಗರ ಆಗ್ತೈತಿ ಬಿಡ್ರಿ" ಎಂದಳು. ಹೆಂಗೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಅಣ್ಣನ ಮಾತನ್ನು ನಾನು ಮರೆತಿರಲಿಲ್ಲ. "ನೀ ಬರಬ್ಯಾಡ, ನಾನಽ ಬರ್ತೀನಿ" ಎಂದು ಫೋನಿಟ್ಟೆ.

ಮರುದಿನ ಸಿರುಗುಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ಕರೂರಿಗೆ ಇನ್ನೊಂದು. ಸಿರುಗುಪ್ಪ ಹತ್ತಿರವಾದಂತೆ ಕೆಂಪು ಕಳೆದು ಹಸಿರು ಬಂತು. ಕಾಲುವೆಯ ಪಕ್ಕದ ಮರದ ನೆರಳಿನಲ್ಲಿ ಚಾಪೆ ಹಾಸಿ ಇಬ್ಬರೂ ಕೂತೆವು. ಒಂದು ಕಟ್ಟು ಹಾಳೆ, ಎರಡು ತಲೆ. ಅವಳು ಓದಿದಾಗ ನಾನು ಕೇಳುವುದು, ನಾನು ಓದಿದಾಗ ಅವಳು. ಬರೆದು ಬರೆದು ಕೈ ನೋಯಿಸಿಕೊಂಡಿದ್ದ ನಾನು ನನ್ನ ನೋಟ್ಸನ್ನು ಮೊದಲ ಸಲ ಕಿವಿಯಿಂದ ಕೇಳಿದೆ. ಬರೆಯುವಾಗ ತಲೆಗೆ ಹೋಗದ ಎಷ್ಟೋ ಮಾತು ಆಗ ಹೋಯಿತು. ಒಂದು ಕಡೆ ಕಲಮಿನ ಅಂಕಿ ತಪ್ಪಾಗಿ ಬರೆದಿದ್ದೆ. ಅದರ ಪಕ್ಕ ಪೆನ್ಸಿಲಿನಲ್ಲಿ ಸಣ್ಣದಾಗಿ ತಿದ್ದಿತ್ತು.

"ಇದು ಯಾರು ತಿದ್ದಿದ್ದು?" ಎಂದೆ, ಟೀಚರ ದನಿಯಲ್ಲಿ.

"ನಾನಽ ಅಕ್ಕಾ. ಸಿಟ್ಟಾಗಬ್ಯಾಡ್ರಿ, ನಮ್ಮ ವಕೀಲರ ಪುಸ್ತಕ ನೋಡಿ ತಿದ್ದೀನಿ" ಎಂದಳು ನಿಂಗಮ್ಮ, ತಲೆ ತಗ್ಗಿಸಿ.

ಸಿಟ್ಟು ಬಂದದ್ದು ನಿಜ, ಕಾಲುವೆಯ ನೀರು ಒಂದಿಷ್ಟು ದೂರ ಹರಿಯುವವರೆಗೆ. ಆಮೇಲೆ ಬಂದದ್ದು ಹೆಮ್ಮೆ. ಓದಿದವಳೇ ತಿದ್ದಬಲ್ಲಳು. ಬರೀ ಪಾಸಾಗಲು ಓದುವವರು ತಪ್ಪನ್ನೂ ಹಾಗೆಯೇ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯವರೆಗೆ ರಜೆ ಹಾಕಿ ಅವರ ಮನೆಯಲ್ಲೇ ಉಳಿದೆ. ಅವರಮ್ಮ ಹೊತ್ತು ಹೊತ್ತಿಗೆ ಅನ್ನ, ಪುಂಡಿಪಲ್ಯ ತಂದಿಟ್ಟು, ನಮ್ಮ ಓದು ಕೆಡಬಾರದೆಂದು ಕೋಳಿಗಳನ್ನು ಓಡಿಸುತ್ತಿದ್ದರು.

ಇಬ್ಬರೂ ಪಾಸಾದೆವು. ಸಾಕ್ಷ್ಯ ಕಾಯ್ದೆಯಲ್ಲಿ ನಿಂಗಮ್ಮನಿಗೆ ನನಗಿಂತ ಹೆಚ್ಚು ಅಂಕ. ನನ್ನ ಅಕ್ಷರ ನನ್ನ ಕೈಯಲ್ಲಿದ್ದಾಗ ಗಳಿಸದ ಅಂಕವನ್ನು ಅವಳ ಕೈಯಲ್ಲಿ ಗಳಿಸಿತು. ಸ್ಟಾಫ್ ರೂಮಿನಲ್ಲಿ ನನ್ನ ಫಲಿತಾಂಶಕ್ಕಿಂತ ಮೊದಲು ಅವಳದನ್ನು ಹೇಳಿದೆ. ಅವಳ ಅಣ್ಣ ಸಿರುಗುಪ್ಪದಿಂದ ಪೇಡೆ ತಂದುಕೊಟ್ಟು, ಇನ್ನೆಷ್ಟು ವರ್ಷ ಓದಬೇಕ್ರಿ ನಮ್ಮ ತಂಗಿ ಎಂದು ಕೇಳಿ ಹೋದ. ಮುಂದಿನ ವರ್ಷವೂ ಅದೇ ಪ್ಯಾಡಿನಲ್ಲಿ ಬರೆದೆ. ನಾನು ಹಾಳೆ ತಿರುವಿದ ಕೂಡಲೇ ಗುಂಡಿ ಒತ್ತುವ ಕೆಲಸ ನಿಂಗಮ್ಮನದು. ಅವಳು ಬಸ್ಸಿಗೆ ಓಡಿದ ಮೇಲೆ ಗುಂಡಿಯ ಪಕ್ಕ ಅವಳು ಅಂಟಿಸಿದ್ದ ಹಣೆಯ ಬೊಟ್ಟು ನನ್ನನ್ನು ಎಚ್ಚರಿಸುತ್ತಿತ್ತು.

ಆ ಕಪ್ಪು ಹಾಳೆಯ ಕತೆ ಇನ್ನೂ ಇದೆ. ಅದನ್ನು ಒಲೆಗೆ ಹಾಕಬೇಕೆಂದಿದ್ದೆ. ನಮ್ಮವರು ಕಸಿದುಕೊಂಡು ಬೆಳಕಿಗೆ ಹಿಡಿದು, "ಲೇ, ಇಲ್ಲಿ ನೋಡಲೇ!" ಎಂದು ಕೂಗಿದರು. ಪ್ರತಿ ಹಾಳೆಯ ನೆತ್ತಿಯಲ್ಲಿ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ನಾನು ಬರೆಯುತ್ತಿದ್ದ ಅಂಕಿ, ಒಂದರ ಮೇಲೊಂದು ಕೂತು ದಪ್ಪಗೆ ನಿಂತಿತ್ತು. ಕೆಳಗಿನ ಕತ್ತಲೆಯಲ್ಲಿ ಒಂದಕ್ಷರ ಓದಲು ಬರುತ್ತಿರಲಿಲ್ಲ. ಮೇಲಿನ ೭೮೬ ಮಾತ್ರ ಸ್ಪಷ್ಟ. ಅವರು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು.

ಒಂದು ದಿನ ನಾನು ಅಂಗಡಿಯ ಒಳಕೋಣೆಯಲ್ಲಿದ್ದಾಗ ಗಣಿಯ ಗುತ್ತಿಗೆದಾರರೊಬ್ಬರು ಸೊಂಟ ಬಿಡಿಸಲು ಪ್ಯಾಂಟು ತಂದರು. ಗೋಡೆಯ ಕಡೆ ನೋಡಿ, "ಇದೇನು ಮಾಸ್ತರ, ಪೇಂಟಿಂಗೇನು? ಭಾಳ ಛಲೋ ಐತಿ. ಹೊಸಾ ಮನಿಗೆ ಬೇಕಾಗೈತಿ. ಎಷ್ಟಾದ್ರೂ ಹೇಳು" ಎಂದರು.

"ಅದು ಮಾರಾಕಲ್ರಿ ಸಾವಕಾರ್ರ. ನಮ್ಮ ಮನ್ಯಾಕಿ ಓದಿದ್ದೆಲ್ಲಾ ಅದರಾಗೈತಿ."

"ಏನು ಓದ್ಯಾರ? ಒಂದಕ್ಷರಾನೂ ಕಾಣವಲ್ದು."

"ನಿಮಗ ಕಾಣಂಗಿಲ್ರಿ. ಕೈ ಎತ್ರಿ, ಸೊಂಟ ಅಳೀತೀನಿ" ಎಂದರು ನನ್ನ ಗಂಡ.

ಕಮ್ಮಿ ರೇಟಿನದು ತೋರಿಸು ಎಂದು ಅಂಗಡಿ ಹೊಕ್ಕವರು ನಾವು. ಊರಿಗೆ ಊರೇ ಕೊಳ್ಳಲು ಹೊರಟಿದ್ದ ಆ ಕಾಲದಲ್ಲಿ, ಎಷ್ಟು ಕೊಟ್ಟರೂ ಕೊಡುವುದಿಲ್ಲ ಎನ್ನಲು ನಮ್ಮಲ್ಲೂ ಒಂದಿತ್ತು.