ಹೊಸ್ತಿಲ ಪಕ್ಕದ ಫರಸಿ

ನಿಜಾಮರ ಕಾಲದಲ್ಲಿ ಶಹಾಬಾದಿನ ಮನೆಗಳಲ್ಲಿ ಬೇರೇನಿಲ್ಲದಿದ್ದರೂ ಕಾಲ ಕೆಳಗೆ ಫರಸಿ ಇರುತ್ತಿತ್ತು. ಊರ ಸುತ್ತ ಎಲ್ಲಿ ಅಗೆದರೂ ಅದೇ ಚಪ್ಪಟೆ ಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಬರಿ ಬೆನ್ನು ಹಾಕಿ ಮಲಗಿದರೆ ಏನು ತಂಪು ಅಂತೀರಿ. ಅದಿರಲಿ, ಹೇಳಬೇಕಾದ್ದು ಶಿವಕಾಂತಮ್ಮನ ಸುದ್ದಿ.

ಶಿವಕಾಂತಮ್ಮ ಚಿಂಚೋಳಿ ಕಡೆಯವಳು, ಹನ್ನೆರಡಕ್ಕೇ ಸೊಸೆಯಾಗಿ ಬಂದವಳು. ತವರಲ್ಲಿ ಮಣ್ಣಿನ ನೆಲ. ಸೆಗಣಿ ಸಾರಿಸಿ ಗೊತ್ತೇ ಹೊರತು ಅರಿವೆ ಹಿಂಡಿ ಕಲ್ಲು ಒರೆಸಿ ಗೊತ್ತಿರಲಿಲ್ಲ. ಮೊದಲ ದಿನವೇ ನೀರು ಸೋರುವ ಅರಿವೆಯನ್ನು ಪಡಸಾಲೆ ತುಂಬ ಎಳೆದಾಡಿದಳು. ಅತ್ತೆ ಅಮೃತಮ್ಮ ಜಾರಿ ಕೂತೇಬಿಟ್ಟಳು. ಅಂದಿನಿಂದ ಮನೆಗೆ ಯಾರೇ ಬರಲಿ, “ನಮ್ ಸೊಸಿ ಪಡಸಾಲ್ಯಾಗ ಕೆರಿ ಕಟ್ಟಿದ್ಳು ನೋಡ್ರಿ” ಎಂಬುದೇ ಮಾತು. ಹತ್ತು ವರ್ಷವಾದರೂ ಆ ಕೆರೆ ಬತ್ತಲಿಲ್ಲ. ಶಿವಕಾಂತಮ್ಮನೂ ಜೊತೆಗೆ ನಗುತ್ತಿದ್ದಳು, ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸರಿಸುತ್ತಿದ್ದಳು.

ತನ್ನ ಮಕ್ಕಳು ಹೀಗೆ ಯಾರ ಬಾಯಿಗೂ ಸಿಗಬಾರದೆಂದು ಅವಳೊಂದು ಪದ್ಧತಿ ಮಾಡಿದಳು. ಮೂರು ತುಂಬಿದ ಕೂಸಿಗೆ ಅಂಗೈಯಗಲದ ಒಂದು ಅರಿವೆ, ಒರೆಸಲು ಒಂದು ಫರಸಿ. ಆಮೇಲೆ ವರ್ಷಕ್ಕೊಂದು ಫರಸಿ ಹೆಚ್ಚು. ಗಂಡು ಹೆಣ್ಣು ಅಂತಿಲ್ಲ. ಆರು ವರ್ಷದ ಸಾಯಬಣ್ಣನಿಗೆ ನಾಲ್ಕು. ಅವನ ತಂಗಿ ವಿಮಲಾಳಿಗೆ, ಮೂರಾಗಿ ತಿಂಗಳೂ ಆಗಿಲ್ಲ, ಹೊಸ್ತಿಲು ದಾಟಿದೊಡನೆ ಕಾಲಿಗೆ ಸಿಗುವ ಒಂದೇ ಒಂದು.

“ಮೂಲಿ ಮೂಲಿ ಒರಸಬೇಕು. ಹಿಂಡಿದ ಅರಿವಿಂದ ಒಂದ್ ಹನಿ ಬೀಳಬಾರ್ದು,” ಎಂದು ಕಲಿಸಿದ್ದಳು.

ಸಾಯಬಣ್ಣ ತನ್ನ ಧೂಳನ್ನು ತಂಗಿಯ ಫರಸಿಗೆ ತಳ್ಳುತ್ತಿದ್ದ. ಅವಳು ಅದನ್ನು ಬೊಗಸೆಯಲ್ಲಿ ತುಂಬಿ ಅವನ ಹಾಸಿಗೆಗೆ ಹಾಕಿ ಬರುತ್ತಿದ್ದಳು. ಪಕ್ಕದ ಮನೆಯ ಖುರ್ಷಿದಬೇಗಂ ಇದನ್ನೆಲ್ಲ ನೋಡಿ, “ಶಿವಕಾಂತಾ, ಇವರಿಬ್ಬರನ್ನ ಎರಡ್ ದಿನ ನಮ್ ಮನಿಗಿ ಕಳಸವಾ. ನಮ್ಮೋರು ಕುಡದ ಪ್ಯಾಲಿ ಸುದ್ದಾ ಎತ್ತಂಗಿಲ್ಲ,” ಎನ್ನುತ್ತಿದ್ದಳು.

ಅಮೃತಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. “ಹಾಲಹಲ್ಲಿನ ಕೂಸುಗೋಳ ಕೈಯಾಗ ಅರಿವಿ ಕೊಟ್ಟಿ. ಕೆರಿ ಕಟ್ಟಿದಾಕಿ ನೀ, ಮ್ಯಾಲ ಕಲಿಸೋದು ಬ್ಯಾರೆ. ಬರೋ ಸೋಮಾರ ಅಯ್ಯನೋರು ಪಾದಪೂಜಿಗಿ ಬರ್ತಾರ. ಅವರ ಮುಂದ ಏನರ ಎಡವಟ್ಟಾತಂದ್ರ ಈ ಅರಿವಿ ಎಲ್ಲಾ ಒಲಿಗಿ.”

“ಹೂಂನ್ರಿ ಅತ್ತಿ,” ಎಂದಳು ಶಿವಕಾಂತಮ್ಮ. ಮತ್ತೇನೆಂದಾಳು?

ಶ್ರಾವಣದ ಸೋಮವಾರ. ಹೊರಗೆ ಜಿಟಿಜಿಟಿ ಮಳೆ, ಕರಿ ಮಣ್ಣಿನ ರಾಡಿ. ಅಯ್ಯನೋರು ರೇವಣಸಿದ್ದಯ್ಯ ಬಾಗಿಲಿಗೆ ಬಂದು ಕಾಲೆತ್ತಿದರು. ಒಳಗೆ ಮಣೆ, ತಟ್ಟೆ, ನೀರು ಎಲ್ಲ ಸಿದ್ಧ. ಆದರೆ ಹೊಸ್ತಿಲ ಪಕ್ಕದ ಫರಸಿಯ ಮೇಲೆ ವಿಮಲಾ ಎರಡೂ ಕೈ ಚಾಚಿ ಕೂತಿದ್ದಳು.

“ಕಾಲ್ ರಾಡಿ ಅದ. ಇಡಬ್ಯಾಡ್ರಿ.”

ಅಯ್ಯನೋರು ಎತ್ತಿದ ಕಾಲನ್ನು ಹಾಗೇ ಹಿಡಿದು ಕೇಳಿದರು: “ಮತ್ತ ನಾ ಎಲ್ಲಿ ಇಡ್ಲೆವ್ವಾ?”

ಕೂಸು ಸುತ್ತ ನೋಡಿ ಯೋಚಿಸಿತು. “ಅಣ್ಣನ ಫರಸಿ ಮ್ಯಾಲ ಇಡ್ರಿ.”

“ಏ, ನಾನೂ ಒರಸೀನಿ,” ಎಂದ ಸಾಯಬಣ್ಣ ಒಳಗಿನಿಂದ.

ಅಯ್ಯನೋರು ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. “ಅಮೃತಮ್ಮಾ, ತಟ್ಟಿ ಇಲ್ಲೇ ತರ್ರಿ.” ಅಮೃತಮ್ಮ ನೀರು ಹಾಕಿ ಕಾಲು ತೊಳೆದಳು. ಮಡಿ ಅರಿವೆ ತರಲು ತಿರುಗಿದಳೋ ಇಲ್ಲವೋ, ವಿಮಲಾ ಹೊರಗೆ ಬಂದು ತನ್ನ ನೆಲದ ಅರಿವೆಯನ್ನು ತಟ್ಟೆಯಲ್ಲೇ ಅದ್ದಿ, ಹಲ್ಲು ಕಚ್ಚಿ ಹಿಂಡಿ, ಅಯ್ಯನೋರ ಪಾದ ಒರೆಸತೊಡಗಿದಳು. ಹಿಮ್ಮಡಿ, ಬೆರಳ ಸಂದು, ಮೂಲೆ ಮೂಲೆ. ಬಾಗಿಲಲ್ಲಿ ನಿಂತಿದ್ದ ಶಿವಕಾಂತಮ್ಮ ಕಣ್ಣು ಮುಚ್ಚಿಕೊಂಡಳು. ಒಲೆಯಲ್ಲಿ ಅರಿವೆ ಸುಡುವ ವಾಸನೆಯೇ ಮೂಗಿಗೆ ಬಂದಂತಾಯಿತು.

ಅಯ್ಯನೋರು ಪಾದವನ್ನು ಹೊರಳಿಸಿ ನೋಡಿದರು, ಆಮೇಲೆ ಆ ಅರಿವೆಯನ್ನು. “ಒಂದ್ ಹನಿ ಸೋರವಲ್ದಲ್ಲ. ಇಷ್ಟು ಚಂದ ಹಿಂಡಲಿಕ್ಕ ಯಾರು ಕಲಿಸ್ಯಾರ?”

ಶಿವಕಾಂತಮ್ಮ ಕೆರೆಯ ಕಥೆಗಾಗಿ ಕಾದಳು. ಅಮೃತಮ್ಮ ಸೆರಗು ಸರಿಮಾಡಿಕೊಂಡಳು.

“ನಮ್ ಸೊಸಿ ರೀ,” ಎಂದಳು. ಅಷ್ಟೇ.

ಅಯ್ಯನೋರು ವಿಮಲಾಳ ಫರಸಿಯ ಮೇಲೆ ಹಗುರಾಗಿ ಕಾಲಿಟ್ಟು ಒಳಗೆ ಹೋದರು. ಹಿಂದೆಯೇ ಹೊರಟ ಅಮೃತಮ್ಮ ಬಾಗಿಲಲ್ಲಿ ತನ್ನ ಒದ್ದೆ ಪಾದ ನೋಡಿಕೊಂಡಳು, ಮೊಮ್ಮಗಳ ಮುಖ ನೋಡಿದಳು, ಸೀರೆ ಎತ್ತಿ ಹಿಡಿದು ಫರಸಿ ದಾಟಿ ಹೋದಳು.