ಅಪ್ಪ ಓದಿ ಹೇಳಿದ ಕಾದಂಬರಿ

ಅವ್ವ ಮಿರಜ ಕಡೆಯವಳು. ಮನೆಮಾತು ಕನ್ನಡವಾದರೂ ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಓದಲು ಬಾರದು. ಎಂಬತ್ತರ ದಶಕದಲ್ಲಿ, ಉಗಾರ ಬುದ್ರುಕದಲ್ಲಿ ನಮ್ಮ ನೆರೆಯವಳಾಗಿದ್ದ ಮಾಸ್ತರರ ಹೆಂಡತಿ ಗಂಡನಿಗೆ ವರ್ಗವಾಗಿ ಊರು ಬಿಡುವಾಗ, ಒಂದು ಹಳೆಯ ಕಾದಂಬರಿಯನ್ನು ಅವ್ವನ ಕೈಗಿತ್ತು, “ಯಾರಿಂದರ ಓದಿಸಿಕೊಳ್ರಿ” ಎಂದು ಹೇಳಿ ಹೋದಳು.

ನಾನಿನ್ನೂ ಅಕ್ಷರ ತಿದ್ದುತ್ತಿದ್ದೆ. ಹಾಗಾಗಿ ಓದುವ ಕೆಲಸ ಅಪ್ಪನ ಕೊರಳಿಗೆ ಬಿತ್ತು. ಅಪ್ಪನ ಓದು ಕಲ್ಲುಹಾದಿಯ ಚಕ್ಕಡಿ, ಸಾಲುಸಾಲಿಗೂ ಜೋಲಿ ಹೊಡೆಯುತ್ತಿತ್ತು. ಕತೆಯ ಗಂಡ ವ್ಯಾಪಾರಕ್ಕೆಂದು ಪರಊರಿಗೆ ಹೋಗುತ್ತಾನೆ, ಹಗಲಿರುಳು ದುಡಿದು ಹೆಂಡತಿಗೆ ಸೀರೆ ತರುತ್ತಾನೆ. ಅಪ್ಪ ಓದಿ ಹೇಳಿದ್ದು ಇಷ್ಟು.

“ಪಾಪ, ಎಷ್ಟ ದುಡೀತಾನ” ಎಂದಳು ಅವ್ವ.

“ಗಂಡಸರ ಕಷ್ಟ ನಿಮಗೇನ ಗೊತ್ತ?” ಎಂದ ಅಪ್ಪ.

ಆ ದಿನಗಳಲ್ಲಿ ಅಪ್ಪ ವಾರಕ್ಕೊಮ್ಮೆ ಎತ್ತು ನೋಡಲು ಕುಡಚಿಗೆ ಹೋಗುತ್ತಿದ್ದ. ವರ್ಷಗಟ್ಟಲೆ ನೋಡಿದ. ಒಂದು ಕರುವೂ ಮನೆಗೆ ಬರಲಿಲ್ಲ.

ತೊಂಬತ್ತರ ದಶಕದಲ್ಲಿ ಅಥಣಿಯ ಕಾಲೇಜಿನಿಂದ ರಜೆಗೆ ಬಂದಾಗ ಟ್ರಂಕಿನಲ್ಲಿದ್ದ ಆ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಗಂಡನದು ವ್ಯಾಪಾರವೂ ಅಲ್ಲ, ಮಣ್ಣೂ ಅಲ್ಲ. ಆ ಊರಿನಲ್ಲಿ ಅವನಿಗೆ ಇನ್ನೊಂದು ಸಂಸಾರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಪ್ಪ ಆ ಪುಟಗಳನ್ನೆಲ್ಲ ಬಾಯಲ್ಲೇ ಬದಲಿಸಿದ್ದ. ಕುಡಚಿಯಲ್ಲಿ ಅವನಿಗೊಂದು ಮನೆಯಿರುವುದು ಅಷ್ಟರಲ್ಲಿ ಓಣಿಗೆಲ್ಲ ಗೊತ್ತಿತ್ತು, ನನಗೂ. ಗೊತ್ತಿಲ್ಲದವಳು ಅವ್ವ ಒಬ್ಬಳೇ ಎಂದುಕೊಂಡಿದ್ದೆ.

“ಮತ್ತೊಮ್ಮೆ ಓದಿ ಹೇಳವಾ” ಎಂದು ಅವ್ವನೇ ಕೇಳಿದಳು. ಸುಳ್ಳು ಓದಲು ನನಗೆ ಮನಸ್ಸಾಗಲಿಲ್ಲ. ಗಂಡನ ಗುಟ್ಟು ಬಯಲಾಗುವ ಪುಟ ಬಂತು. ಇದ್ದದ್ದನ್ನು ಇದ್ದ ಹಾಗೆ ಓದಿ ತಲೆಯೆತ್ತಿದೆ. ಅವ್ವ ಶೇಂಗಾ ಸುಲಿಯುತ್ತಲೇ ಇದ್ದಳು.

“ನಿಮ್ಮ ಅಪ್ಪಾರು ಪುಸ್ತಕೆಲ್ಲಾ ತಡವರಿಸ್ಕೋತ ಓದಿದ್ರು. ಈ ಗಂಡನ ಮಾತ ಬಂದಾಗಷ್ಟ ನೀರ ಹರದಂಗ ಹೇಳಿದ್ರು. ಎತ್ತ ನೋಡಾಕ ಹೊಂಟೇನಿ ಅನ್ನೂವಾಗೂ ಹಂಗ. ಆವಾಗನ ತಿಳೀತ.”

ನನಗೆ ಅಪ್ಪನಿಗಿಂತ ಅವಳ ಮೇಲೇ ಸಿಟ್ಟು ಬಂತು.

“ಮತ್ತ ಇಷ್ಟ ವರ್ಷ ಸುಮ್ನ್ಯಾಕ ಕುಂತಿ?”

ಅವ್ವ ಸಿಪ್ಪೆಯ ಮೊರವನ್ನು ಬದಿಗೆ ಸರಿಸಿದಳು.

“ಗೊತ್ತಾದ ಮ್ಯಾಲ ಕತಿಯಾಗಿನ ಹೆಂಡ್ತಿ ಏನ ಮಾಡಿದ್ಲು, ಅದನ್ನ ಅವರು ಓದಲೇ ಇಲ್ಲಲ್ಲ. ಓದು.”